ಯಾರ ಅಂಗೈಗೆ ಈ ಗಣಕ?

ಕಳೆದ ದೀಪಾವಳಿಗೆ ಬೀರು ಚೊಕ್ಕಟ ಮಾಡುತ್ತಿದ್ದೆ. ಧಾರೆ ಸೀರೆಯ ಕೆಳಗೆ, ನನ್ನ ಬಿ.ಎಡ್. ಪ್ರಮಾಣಪತ್ರದ ಫೈಲಿಗೆ ಒತ್ತಿಕೊಂಡಂತೆ, ಹಳೆಯ ದಿಂಬಿನ ಚೀಲದಲ್ಲಿ ಸುತ್ತಿಟ್ಟ ಗಟ್ಟಿಯಾದದ್ದೇನೋ ಕೈಗೆ ತಗಲಿತು. ಬಿಚ್ಚಿದರೆ ಸಿಂಪ್ಯೂಟರ್! ನನ್ನ ತಮ್ಮ 2004ರಲ್ಲಿ ಬೆಂಗಳೂರಿನಲ್ಲಿ ಹುರುಪಿನಿಂದ ಕೊಂಡು, ನಾಲ್ಕು ವರ್ಷದ ಮೇಲೆ ಹೊಸ ಫೋನು ಬಂದಾಗ, "ಅಕ್ಕಾ, ಇದನ್ನು ಬಿಸಾಡೋಕೆ ಮನಸ್ಸು ಬರಲ್ಲ, ನೀನೇ ಇಟ್ಕೋ" ಎಂದು ನನಗೆ ದಾಟಿಸಿ ಹೋಗಿದ್ದ ಯಂತ್ರ.

"ಇದೇನಮ್ಮಾ, ಇಷ್ಟು ದಪ್ಪ ಫೋನು?" ಎಂದು ಮಗಳು ನಕ್ಕಳು.

"ಫೋನಲ್ಲ ಕಣೇ, ಅಂಗೈಯಲ್ಲಿ ಹಿಡಿಯುವ ಗಣಕಯಂತ್ರ" ಎಂದೆ.

"ಇದರಲ್ಲಿ ಯಾರಿಗಾದರೂ ಫೋನ್ ಮಾಡಬಹುದಿತ್ತಾ?"

"ಇಲ್ಲ."

"ಮತ್ತೆ ಯಾತಕ್ಕೆ ಬರ್ತಿತ್ತು?"

ಅವಳೇನೋ ಕೇಳಿ ರಂಗೋಲಿ ಪುಡಿ ತರಲು ಹೋದಳು. ನನಗೆ ಮಾತ್ರ ಆ ಪ್ರಶ್ನೆ ಅಲ್ಲೇ ಅಂಟಿಕೊಂಡಿತು. ಯಾತಕ್ಕೆ ಬರುತ್ತಿತ್ತು? ಹಾಗೆ ನೋಡಿದರೆ, ಈಗ ಮನೆಮನೆಯಲ್ಲೂ ಇರುವ ಈ ಮುಟ್ಟಿದರೆ ತೆರೆದುಕೊಳ್ಳುವ ಯಂತ್ರಗಳು ಯಾತಕ್ಕೆ ಬರುತ್ತವೆ? ಯಾರಿಗೆ ಬರುತ್ತವೆ? ಉತ್ತರಪತ್ರಿಕೆ ತಿದ್ದಿ ತಿದ್ದಿ ಸವೆದ ಕೈ ನನ್ನದು. ಇವಕ್ಕೂ ಒಮ್ಮೆ ಅಂಕ ಹಾಕಿಯೇ ನೋಡೋಣ ಎನ್ನಿಸಿತು. ಯಂತ್ರದ ಒಳಗಿನ ವಿದ್ಯೆ ನನಗೆ ತಿಳಿಯದು, ನಾನು ಕನ್ನಡ ಟೀಚರು. ಆದರೆ ಒಲೆ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳಲು ಕಮ್ಮಾರಿಕೆ ಬರಬೇಕೆಂದಿಲ್ಲವಲ್ಲ! ಅಡುಗೆ ಮಾಡುವವರಿಗೆ ಅದು ಗೊತ್ತಾಗುತ್ತದೆ.

ಸಿಂಪ್ಯೂಟರಿನ ಹೆಸರೇ ಈಗ ಅನೇಕರಿಗೆ ಮರೆತುಹೋಗಿದೆ. ಒಂದು ಕಾಲಕ್ಕೆ ಪತ್ರಿಕೆಗಳಲ್ಲೆಲ್ಲ ಅದರದೇ ಸುದ್ದಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಮ್ಮ ಹಿರಿಯರ ಬಾಯಿನ ಟಾಟಾ ಇನ್‌ಸ್ಟಿಟ್ಯೂಟಿನ, ಅಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು, ಎನ್‌ಕೋರ್ ಎಂಬ ಅಲ್ಲಿಯದೇ ಕಂಪೆನಿಯ ತಂತ್ರಜ್ಞರ ಜೊತೆಗೂಡಿ 1999ರಲ್ಲಿ ಒಂದು ಟ್ರಸ್ಟ್ ಕಟ್ಟಿದರು. ಸರಳವಾದ, ಅಗ್ಗವಾದ, ಹಲವು ಭಾಷೆ ಬಲ್ಲ, ಜನಸಾಮಾನ್ಯರ ಗಣಕವೊಂದನ್ನು ಮಾಡಬೇಕೆಂಬುದು ಅವರ ಸಂಕಲ್ಪ. ಈ ಮಾತುಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಕಂಪ್ಯೂಟರ್ ಎಂಬ ಮಾತಿನ ಬಾಲಕ್ಕೆ ಜೋಡಿಸಿದಾಗ ಹುಟ್ಟಿದ ಹೆಸರೇ ಸಿಂಪ್ಯೂಟರ್. 2001ರ ಏಪ್ರಿಲ್‌ನಲ್ಲಿ ಮೊದಲ ಮಾದರಿಗಳನ್ನು ಲೋಕಕ್ಕೆ ತೋರಿಸಿದರು. ಆ ವರ್ಷದ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಭಾನುವಾರದ ಸಂಚಿಕೆ ಕೂಡ ಅದನ್ನು ಹೊಗಳಿ ಬರೆಯಿತು.

ಅಂಗೈ ಗಣಕಗಳೇನೂ ಆಗ ಹೊಸವಲ್ಲ. ಅಮೆರಿಕದ ಆಪಲ್ ಕಂಪೆನಿ 1993ರಲ್ಲಿಯೇ ನ್ಯೂಟನ್ ಎಂಬುದನ್ನು ತಂದಿತ್ತು. ಅದು ಕೈಬರಹವನ್ನು ತಪ್ಪುತಪ್ಪಾಗಿ ಓದಿ ಊರೆಲ್ಲ ನಗುವಂತಾಯಿತು. 1996ರಲ್ಲಿ ಪಾಮ್ ಪೈಲಟ್ ಬಂತು. ಅದನ್ನು ರೂಪಿಸಿದ ಜೆಫ್ ಹಾಕಿನ್ಸ್ ಯಂತ್ರ ಮಾಡುವ ಮೊದಲು ಅದೇ ಗಾತ್ರದ ಮರದ ತುಂಡೊಂದನ್ನು ಕತ್ತರಿಸಿಕೊಂಡು, ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದರಂತೆ. ಯಾರಾದರೂ ಭೇಟಿಯ ದಿನ ಕೇಳಿದರೆ ಮರದ ತುಂಡನ್ನು ತೆಗೆದು, ಕಡ್ಡಿಯಿಂದ ಅದರ ಮೇಲೆ ಕುಟ್ಟಿ, ಬರೆದುಕೊಂಡಂತೆ ನಟಿಸುವುದು! ಎಷ್ಟು ಒಳ್ಳೆಯ ಪರೀಕ್ಷೆ ನೋಡಿ. ಪಾಮ್ ಪೈಲಟ್ ಚೆನ್ನಾಗಿ ಮಾರಾಟವಾದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದನ್ನು ಓದಿದಾಗ ನನಗೆ ಹೊಳೆದದ್ದು ಬೇರೆ. ಪರೀಕ್ಷೆ ನಡೆದದ್ದು ಅಂಗಿಯ ಜೇಬಿನಲ್ಲಿ. ನನ್ನ ಸೀರೆಗೆ ಜೇಬೆಲ್ಲಿದೆ? ನನ್ನ ಅಮ್ಮ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು, ಚಿಲ್ಲರೆಯನ್ನು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಳು. ಈಗಿನ ಅಂಗೈ ಯಂತ್ರಗಳಂತೂ ವರ್ಷದಿಂದ ವರ್ಷಕ್ಕೆ ಬೆಳೆದು ಆರೂವರೆ ಅಂಗುಲ ಮುಟ್ಟಿವೆ. ಒಂದೇ ಕೈಯಲ್ಲಿ ಹಿಡಿದರೆ ನನ್ನ ಹೆಬ್ಬೆರಳು ಅದರ ಮೇಲ್ತುದಿಗೆ ಎಟಕುವುದೇ ಇಲ್ಲ. ಇನ್ನೊಂದು ಕೈಯಲ್ಲಿ ತರಕಾರಿ ಚೀಲವಿದ್ದರೆ ಮುಗಿಯಿತು. ಒಂದು ವಸ್ತುವನ್ನು ಅಂಗೈಯದು ಎಂದು ಕರೆದ ಮೇಲೆ, ಯಾರ ಅಂಗೈ ಎಂದು ಕೇಳುವ ಹಕ್ಕು ನಮಗುಂಟಲ್ಲವೇ?

ಸಿಂಪ್ಯೂಟರ್ ಮಾಡಿದವರು ಈ ಪ್ರಶ್ನೆಯನ್ನು ಕೇಳಿಕೊಂಡಿದ್ದರು. ಅದಕ್ಕೇ ಆ ಯಂತ್ರದ ಮೇಲೆ ನನಗೆ ಗೌರವ. ಅವರು ಮನಸ್ಸಿನಲ್ಲಿಟ್ಟುಕೊಂಡದ್ದು ಓದುಬರಹ ಬಾರದ, ಇಂಗ್ಲಿಷ್ ಅಂತೂ ಬಾರದ, ಸ್ವಂತಕ್ಕೊಂದು ಗಣಕ ಕೊಳ್ಳುವ ಶಕ್ತಿಯೇ ಇಲ್ಲದ ಹಳ್ಳಿಯವರನ್ನು. ಓದು ಬಾರದವರಿಗಾಗಿ ತೆರೆಯ ಮೇಲೆ ಚಿತ್ರಗಳನ್ನಿಟ್ಟರು. ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಏರ್ಪಾಡನ್ನು ಕನ್ನಡ, ಹಿಂದಿಯಂಥ ನಮ್ಮ ಭಾಷೆಗಳಲ್ಲೇ ಮಾಡಿದರು. ಕರೆಂಟಿಲ್ಲದ ಊರಿಗಾಗಿ ಅಂಗಡಿಯಲ್ಲಿ ಸಿಗುವ ಮೂರು ಸಣ್ಣ ಸೆಲ್ಲುಗಳಲ್ಲಿ ನಡೆಯುವಂತೆ ಮೊದಲ ಮಾದರಿಯನ್ನು ರೂಪಿಸಿದರು. ಕೊಳ್ಳಲಾಗದವರಿಗೆ ಮಾಡಿದ ಉಪಾಯವಂತೂ ಎಲ್ಲಕ್ಕಿಂತ ಜಾಣತನದ್ದು. ಯಂತ್ರದಲ್ಲಿ ಒಂದು ಸೀಳು. ಅದರೊಳಗೆ ತೂರಿಸಲು ಸ್ಮಾರ್ಟ್ ಕಾರ್ಡ್. ಊರಿಗೆಲ್ಲ ಒಂದೇ ಯಂತ್ರ, ಪಂಚಾಯಿತಿಯಲ್ಲೋ ಶಾಲೆಯಲ್ಲೋ ಅಂಗಡಿಯಲ್ಲೋ ಇರಲಿ; ಆದರೆ ಪ್ರತಿಯೊಬ್ಬರ ಹತ್ತಿರವೂ ಅವರವರದೇ ಕಾರ್ಡು. ಕಾರ್ಡು ತೂರಿಸಿದಾಗ ಯಂತ್ರ ನಿಮ್ಮದು, ತೆಗೆದುಕೊಂಡಾಗ ನಿಮ್ಮ ಲೆಕ್ಕ, ನಿಮ್ಮ ಗುಟ್ಟು ನಿಮ್ಮ ಜೊತೆಗೇ ಮನೆಗೆ. ಊರ ಬಾವಿ ಒಂದೇ ಆದರೂ ಕೊಡ ಅವರವರದು ಎಂಬ ಹಾಗೆ.

ತಮ್ಮ ಕೊಂಡದ್ದು ಅಮಿಡಾ ಎಂಬ ಸಿಂಪ್ಯೂಟರ್. ಆ ಅಧ್ಯಾಪಕರೇ ಕಟ್ಟಿದ ಪಿಕೊಪೆಟಾ ಎಂಬ ಕಂಪೆನಿಯ ಹೆಸರಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾಗಿ 2004ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂತು. ಆ ಬೇಸಿಗೆ ರಜೆಯಲ್ಲಿ ತಮ್ಮ ನಮ್ಮೂರಿಗೆ, ತಿಪಟೂರಿನ ಸೀಮೆಗೆ, ಅದನ್ನು ತಂದಿದ್ದ. ಪ್ಲಾಸ್ಟಿಕ್ ಕಡ್ಡಿಯಿಂದ ತೆರೆಯ ಮೇಲೆ ನನ್ನ ಹೆಸರನ್ನು ಕನ್ನಡದಲ್ಲಿ ಬರೆದೆ. ನನ್ನದೇ ಕೈಬರಹ, ಒತ್ತಕ್ಷರದ ಬಾಲ ಸಹಿತ, ಗಾಜಿನೊಳಗಿಂದ ನನ್ನನ್ನೇ ನೋಡಿತು! ಅದನ್ನೇ ಕಾಗದದಂತೆ ಇನ್ನೊಬ್ಬರಿಗೆ ಕಳಿಸಬಹುದು ಎಂದ. ಕೈಯನ್ನು ಕೊಂಚ ಓಲಿಸಿದರೆ ತೆರೆಯ ಪುಟ ತಿರುಗುತ್ತಿತ್ತು. ಯಂತ್ರವನ್ನು ವಾಲಿಸಿದ್ದನ್ನು ಯಂತ್ರವೇ ಅರಿಯುವ ಈ ಚಮತ್ಕಾರವನ್ನು ಲೋಕ ಬಾಯಿ ಬಿಟ್ಟು ನೋಡಿದ್ದು 2007ರಲ್ಲಿ, ಐಫೋನ್ ಬಂದಾಗ. ನಾನು ಅದನ್ನು ನಮ್ಮ ಮನೆಯ ಜಗಲಿಯ ಮೇಲೆ ಮೂರು ವರ್ಷ ಮೊದಲೇ ನೋಡಿದ್ದೆ ಎಂಬ ಸಣ್ಣ ಜಂಬ ನನಗೆ ಇವತ್ತಿಗೂ ಇದೆ.

ಇನ್ನೊಂದು ಗುಣ ಆಗ ಗೊತ್ತಾಗಿರಲಿಲ್ಲ, ಈಗ ಗೊತ್ತಾಗುತ್ತಿದೆ. ಸಿಂಪ್ಯೂಟರಿನ ತೆರೆ ಒತ್ತಡಕ್ಕೆ ಓಗೊಡುವಂಥದು. ಮೇಲಿನ ಪದರ ಬಾಗಿ ಕೆಳಗಿನದನ್ನು ಮುಟ್ಟಿದರೆ ಸಾಕು, ಒತ್ತಿದ್ದು ಬೆರಳೋ ಉಗುರೋ ಕಡ್ಡಿಯೋ ಎಂದು ಅದು ವಿಚಾರಿಸುವುದಿಲ್ಲ. ಇಂದಿನ ಫೋನುಗಳ ತೆರೆ ಹಾಗಲ್ಲ. ಅದು ಒತ್ತಡ ನೋಡುವುದಿಲ್ಲ. ನಮ್ಮ ಮೈಗಿರುವ ವಿದ್ಯುತ್ತಿನ ಗುಣವನ್ನು ಬೆರಳ ತುದಿಯಲ್ಲಿ ಅರಿಯುತ್ತದೆ. ಮೆತ್ತನೆಯ ಬೆರಳಿಗೆ ಅದು ಹೂವಿನಂತೆ ಅರಳುತ್ತದೆ, ನಿಜ. ಬೆರಳು ಒದ್ದೆಯಾಗಿದ್ದರೆ ತಬ್ಬಿಬ್ಬಾಗುತ್ತದೆ. ದುಡಿದು ಜಡ್ಡುಗಟ್ಟಿ ಒಣಗಿದ್ದರೆ ಎಷ್ಟೋ ಸಲ ಸುಮ್ಮನಿರುತ್ತದೆ. ಪಾತ್ರೆ ತೊಳೆಯುವ ಕೈ, ಕಾಯಿ ಸುಲಿಯುವ ಕೈ, ಬಟ್ಟೆ ಒಗೆಯುವ ಕೈ ಯಾರದು ಎಂದು ನಾನು ನಿಮಗೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಗುಣಗಳಿದ್ದ ಯಂತ್ರ ಉಳಿಯಲಿಲ್ಲವೇಕೆ? ಹೊಗಳಿದ್ದಾಯಿತು, ತಪ್ಪನ್ನೂ ಹೇಳಲೇಬೇಕು. ಮೊದಲನೆಯದು ಬೆಲೆ. ಒಂಬತ್ತು ಸಾವಿರಕ್ಕೆ ಸಿಗಬೇಕೆಂದು ಹೊರಟದ್ದು, ಅಮಿಡಾ ಆಗಿ ಬಂದಾಗ 9,950 ರೂಪಾಯಿಯಿಂದ ಶುರುವಾಗಿ, ಬಣ್ಣದ ತೆರೆಯದಕ್ಕೆ 19,950 ಆಗಿತ್ತು. ನನ್ನ ಆಗಿನ ಒಂದು ತಿಂಗಳ ಸಂಬಳವನ್ನು ಪೂರ್ತಿ ಇಟ್ಟರೂ ಕಡಿಮೆ ಬೆಲೆಯದೇ ದಕ್ಕುವುದು ಕಷ್ಟವಿತ್ತು. ಊರಿಗೆಲ್ಲ ಒಂದು ಯಂತ್ರವೇನೋ ಸರಿ. ಅದನ್ನು ಕೊಳ್ಳುವವರಾರು, ಕೆಟ್ಟರೆ ರಿಪೇರಿ ಮಾಡಿಸುವವರಾರು, ಕಾರ್ಡು ಹಂಚುವವರಾರು? ಬಾವಿಯ ನಕ್ಷೆ ಚೆನ್ನಾಗಿತ್ತು, ತೋಡುವವರು ಗೊತ್ತಾಗಲಿಲ್ಲ. ಅಂಗಡಿಗೆ ಬಂದ ಮೊದಲ ವರ್ಷ ಐವತ್ತು ಸಾವಿರ ಮಾರುವ ಆಸೆಯಿದ್ದಲ್ಲಿ, 2005ರ ಹೊತ್ತಿಗೆ ಮಾರಾಟವಾದದ್ದು ಸುಮಾರು ನಾಲ್ಕು ಸಾವಿರ ಎಂದು ವರದಿಯಾಯಿತು.

ಎರಡನೆಯ ತಪ್ಪು ಇನ್ನೂ ಆಳದ್ದು. ಹಳ್ಳಿಯವರಿಗೆ ಬೇಕಾದದ್ದು ಮಾಹಿತಿ ಎಂದು ಅವರು ನಂಬಿದ್ದರು. ಬೆಳೆಯ ದರ, ಮಳೆಯ ಸುದ್ದಿ, ಸರಕಾರದ ಯೋಜನೆ. ಬೇಡವೆಂದಲ್ಲ, ನಮ್ಮ ಸೀಮೆಯಲ್ಲಿ ಕೊಬ್ಬರಿಯ ದರ ಕೇಳದೆ ಕಾಫಿ ಕುಡಿಯುವವರಿಲ್ಲ. ಆದರೆ ಅದಕ್ಕಿಂತ ಮೊದಲು ಬೇಕಾದದ್ದು, ಕೊಟ್ಟ ಊರಿನಲ್ಲಿರುವ ಮಗಳು ಹೆತ್ತಳೋ ಇಲ್ಲವೋ ತಿಳಿಯುವುದು. ಬೆಂಗಳೂರಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋದ ಹುಡುಗಿಯ ದನಿ ಕೇಳುವುದು. 2003ರಲ್ಲಿ ಬಂದ ನೋಕಿಯಾ 1100 ಎಂಬ ಪುಟ್ಟ ಫೋನನ್ನು ನೆನಪಿಸಿಕೊಳ್ಳಿ. ಮುಟ್ಟುವ ತೆರೆಯಿಲ್ಲ, ಚಿತ್ರವಿಲ್ಲ. ಧೂಳು ಹೋಗದಂತೆ ಮುಚ್ಚಿದ ಗುಂಡಿಗಳು, ತಲೆಯಲ್ಲೊಂದು ಟಾರ್ಚು. ಲೋಕದಾದ್ಯಂತ ಇಪ್ಪತ್ತೈದು ಕೋಟಿಗೂ ಮಿಕ್ಕಿ ಮಾರಾಟವಾಯಿತು. ಕತ್ತಲಲ್ಲಿ ಕೊಟ್ಟಿಗೆಗೆ ಹೋಗಲು ದೀಪ, ಮಗಳೊಡನೆ ಎರಡು ಮಾತು. ಸಿಂಪ್ಯೂಟರಿನವರು ಮಾತಾಡುವ ಯಂತ್ರವನ್ನು ಮಾಡಿದರು. ಜನ ಕಾಯುತ್ತಿದ್ದದ್ದು ತಮ್ಮನ್ನು ಮಾತಾಡಿಸುವ ಯಂತ್ರಕ್ಕೆ. "ಇದರಲ್ಲಿ ಯಾರಿಗಾದರೂ ಫೋನ್ ಮಾಡಬಹುದಿತ್ತಾ?" ಎಂದ ನನ್ನ ಮಗಳು ಕೂತ ಜಾಗದಿಂದಲೇ ಸರಿಯಾದ ತಪ್ಪನ್ನು ಹಿಡಿದಿದ್ದಳು!

ಅಗ್ಗವಾದರೆ ಸಾಕು, ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಉತ್ತರ 2011ರಲ್ಲಿ ಸಿಕ್ಕಿತು. ಆ ವರ್ಷದ ಅಕ್ಟೋಬರ್ 5ರಂದು ಕೇಂದ್ರ ಸಚಿವ ಕಪಿಲ್ ಸಿಬಲ್ ದೆಹಲಿಯಲ್ಲಿ ಆಕಾಶ್ ಎಂಬ ಟ್ಯಾಬ್ಲೆಟ್ಟನ್ನು ಬಿಡುಗಡೆ ಮಾಡಿದರು. ವಿದ್ಯಾರ್ಥಿಗಳಿಗೆಂದು ಡೇಟಾವಿಂಡ್ ಎಂಬ ಕಂಪೆನಿಯಿಂದ ಸರಕಾರ ಅದನ್ನು ಕೊಂಡದ್ದು ಸುಮಾರು 2,276 ರೂಪಾಯಿಗೆ. ಸಿಂಪ್ಯೂಟರಿನ ನಾಲ್ಕನೇ ಒಂದು ಪಾಲೂ ಇಲ್ಲ. ಸ್ಟಾಫ್ ರೂಮಿನಲ್ಲಿ ನಾವೆಲ್ಲ ಪತ್ರಿಕೆ ಹರಡಿಕೊಂಡು ಹಿಗ್ಗಿದ್ದೇ ಹಿಗ್ಗಿದ್ದು. ಏಳು ಅಂಗುಲದ ತೆರೆಯೇನೋ ಸರಿ. ಆದರೆ 366 ಮೆಗಾಹರ್ಟ್ಸ್‌ನ ಮಂದಗತಿಯ ಮಿದುಳು, 256 ಮೆಗಾಬೈಟಿನ ನೆನಪು, ಶಾಲೆಯ ದಿನವಿಡೀ ಬಾರದ ಬ್ಯಾಟರಿ. ಎಲ್ಲಕ್ಕಿಂತ ಮಿಗಿಲಾಗಿ, ಅದರಲ್ಲಿದ್ದದ್ದು ಆಂಡ್ರಾಯ್ಡ್ 2.2. ಆ ಆವೃತ್ತಿಗೆ ಕನ್ನಡದ ಅಕ್ಷರಗಳನ್ನು ಗುಣಿತ, ಒತ್ತು ಸಹಿತ ಜೋಡಿಸಿ ತೋರಿಸುವುದೇ ಬರುತ್ತಿರಲಿಲ್ಲ. ನಮ್ಮ ಮಕ್ಕಳಿಗೆಂದು ಮಾಡಿದ ಪಾಟಿಯ ಮೇಲೆ ನಮ್ಮ ಅಕ್ಷರವೇ ಮೂಡದಿದ್ದರೆ ಅದು ಯಾವ ಸೀಮೆ ಪಾಟಿ? ಒಂದು ವರ್ಷದ ಮೇಲೆ, 2012ರ ನವೆಂಬರ್‌ನಲ್ಲಿ, ಹೆಚ್ಚು ಚುರುಕಾದ ಆಕಾಶ್ 2 ಬಂತು. ಅಷ್ಟರಲ್ಲಿ ಹಿಗ್ಗು ಇಳಿದಿತ್ತು. ಹತ್ತು ವರ್ಷ ಮೊದಲು ಸಿಂಪ್ಯೂಟರಿನವರು ಮೊದಲ ಸಾಲಿನಲ್ಲೇ ಬರೆದಿಟ್ಟಿದ್ದ ಭಾಷೆಯ ಪ್ರಶ್ನೆಯನ್ನು ಆಕಾಶ್ ಕಟ್ಟಿದವರು ಕೊನೆಯ ಸಾಲಿಗೂ ತಂದುಕೊಳ್ಳಲಿಲ್ಲ. ಇದಕ್ಕೆ ಅಗ್ಗ ಎನ್ನಬಹುದು, ಉಪಯುಕ್ತ ಎನ್ನಲಾರೆ.

ಇಷ್ಟು ಹೊತ್ತು ಊರವರ ತಪ್ಪು ಎಣಿಸಿದೆ. ಈಗ ನನ್ನ ತಪ್ಪಿನ ಲೆಕ್ಕ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದವು. ಜುಲೈಯಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠ ಶುರುವಾಯಿತು. ನಾವು ಶಿಕ್ಷಕರು ಫೋನಿನಲ್ಲಿ ತರಗತಿಗೊಂದು ಗುಂಪು ಮಾಡಿ, ಪಾಠದ ಪ್ರಶ್ನೆಗಳನ್ನು ಕಳಿಸಿ, ಮಕ್ಕಳು ಉತ್ತರ ಬರೆದು ಫೋಟೋ ತೆಗೆದು ಹಾಕಬೇಕೆಂದು ಹೇಳಿದೆವು. ಯಾರು ಹಾಕಿದರು, ಯಾರು ಹಾಕಲಿಲ್ಲ ಎಂದು ಪಟ್ಟಿ ಬರೆಯುವುದು ನನ್ನ ಕೆಲಸ. ಎಂಟನೆಯ ತರಗತಿಯ ಒಬ್ಬ ಹುಡುಗಿಯ ಮುಂದೆ ವಾರಗಟ್ಟಲೆ ಕೆಂಪು ಶಾಯಿಯಲ್ಲಿ 'ಉತ್ತರಿಸಿಲ್ಲ' ಎಂದು ಬರೆಯುತ್ತಾ ಹೋದೆ. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ, ಪದ್ಯವನ್ನು ಒಮ್ಮೆ ಹೇಳಿಕೊಟ್ಟರೆ ಮರುದಿನ ಬಾಯಿಪಾಠ. ರಜೆ ಸಿಕ್ಕಿದ ಕೂಡಲೇ ಇವಳಿಗೂ ಸೋಮಾರಿತನ ಬಂತಲ್ಲ ಎಂದು ಸಹೋದ್ಯೋಗಿಯ ಮುಂದೆ ಅಂದದ್ದೂ ಉಂಟು.

ಆಗಸ್ಟ್‌ನಲ್ಲಿ ವಿದ್ಯಾಗಮ ಯೋಜನೆ ಬಂತು. ಫೋನಿಲ್ಲದ ಮಕ್ಕಳಿರುವಲ್ಲಿಗೆ ನಾವೇ ಹೋಗಿ, ದೇವಸ್ಥಾನದ ಪ್ರಾಂಗಣದಲ್ಲೋ ಮರದ ನೆರಳಿನಲ್ಲೋ ಕೂರಿಸಿ ಪಾಠ ಹೇಳುವುದು. ಅವಳ ಊರಿನ ಅರಳಿಕಟ್ಟೆಗೆ ಹೋದ ಮೊದಲ ದಿನ ಅವಳು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದಳು. ನಾನು ಬಿರುಸಾಗಿಯೇ ಕೇಳಿದೆ: "ಏನೇ, ಒಂದು ಉತ್ತರವನ್ನಾದರೂ ಕಳಿಸಬಾರದಿತ್ತೇನೆ?"

ಅವಳು ಮಾತಾಡದೆ ಚೀಲದಿಂದ ನೋಟ್ ಬುಕ್ ತೆಗೆದು ಕೊಟ್ಟಳು. ಜುಲೈಯಿಂದ ನಾನು ಕಳಿಸಿದ ಪ್ರತಿಯೊಂದು ಪ್ರಶ್ನೆ, ದಿನಾಂಕ ಸಹಿತ, ಅದರ ಕೆಳಗೆ ಉತ್ತರ. ಒಂದನ್ನೂ ಬಿಟ್ಟಿರಲಿಲ್ಲ.

ಮನೆಯಲ್ಲಿದ್ದದ್ದು ಒಂದೇ ಫೋನು, ಅಪ್ಪನದು. ಬೆಳಗಿನ ಜಾವ ಅವನು ಕೆಲಸಕ್ಕೆ ಹೊರಟರೆ ಫೋನೂ ಹೊರಟಿತು. ರಾತ್ರಿ ಬಂದಾಗ ಮೊದಲು ಪಿ.ಯು.ಸಿ. ಓದುವ ಅಣ್ಣನ ಸರದಿ. ಅವನು ಮಲಗಿದ ಮೇಲೆ, ಬ್ಯಾಟರಿ ಉಳಿದಿದ್ದರೆ, ಹತ್ತು ನಿಮಿಷ ಇವಳಿಗೆ. ಆ ಹತ್ತು ನಿಮಿಷದಲ್ಲಿ ಪ್ರಶ್ನೆಗಳನ್ನು ಬರೆದುಕೊಳ್ಳುವಳು. ಮರುದಿನ ಹಗಲಿನಲ್ಲಿ ಉತ್ತರ. ಫೋಟೋ ತೆಗೆಯೋಣವೆಂದರೆ ಫೋನಿಲ್ಲ. ರಾತ್ರಿ ತೆಗೆಯೋಣವೆಂದರೆ ಮಂಕು ದೀಪ, ಜೊತೆಗೆ ಒಳಗೆ ಜಾಗವಿಲ್ಲ ಎಂದು ಫೋನಿನ ತಕರಾರು. ಅಣ್ಣ ಜಾಗ ಮಾಡಿಕೊಳ್ಳಲು ಮೊದಲು ಅಳಿಸುತ್ತಿದ್ದದ್ದೇ ತಂಗಿಯ ಪಾಠದ ವಿಡಿಯೋಗಳನ್ನು. ಅವನನ್ನು ಕೆಟ್ಟವನೆನ್ನಲಾರೆ. ಆ ಫೋನಿನೊಳಗೆ ಅವಳದು ಎಂಬ ಒಂದು ಮೂಲೆಯೇ ಇರಲಿಲ್ಲ, ಅಷ್ಟೆ.

ಆ ಸಂಜೆ ಕೆಂಪು ಶಾಯಿಯ ಪಟ್ಟಿಯನ್ನು ತೆಗೆದು ನೋಡಿಕೊಂಡೆ. ನಾನು ಹಾಜರಿ ತೆಗೆದುಕೊಂಡದ್ದು ಹುಡುಗಿಯದಲ್ಲ, ಫೋನಿನದು.

ಈ ಯಂತ್ರಗಳ ವಿನ್ಯಾಸದ ಮೇಲೆ ನನ್ನ ಮುಖ್ಯವಾದ ಆಕ್ಷೇಪ ಇಲ್ಲಿಯೇ ಇರುವುದು. ಇವು ಒಬ್ಬ ಒಡೆಯನಿಗಾಗಿ ರೂಪುಗೊಂಡವು. ಒಂದು ಬೆರಳಚ್ಚು, ಒಂದು ಮುಖ, ಒಂದು ಗುಟ್ಟಿನ ಸಂಖ್ಯೆ. ನಮ್ಮ ಮನೆಗಳಲ್ಲಿ ಒಂದು ವಸ್ತುವಿಗೆ ಒಬ್ಬನೇ ಒಡೆಯನಾದರೆ ಅವನು ಯಾರಾಗಿರುತ್ತಾನೆ, ಸಾಲಿನ ಕೊನೆಗೆ ಯಾರು ನಿಲ್ಲುತ್ತಾರೆ ಎಂಬುದು ನಮಗೆ ಗೊತ್ತು. ಬಿಸಿ ದೋಸೆ ಕೊನೆಗೆ ಯಾರ ತಟ್ಟೆಗೆ ಬರುತ್ತದೋ ಅವರೇ ಇಲ್ಲೂ ಕೊನೆ! ಒಂದೇ ಯಂತ್ರದಲ್ಲಿ ಹಲವರಿಗೆ ಬೇರೆ ಬೇರೆ ಕೋಣೆ ಮಾಡಿಕೊಡುವುದು ಆಗದ ಕೆಲಸವೇನಲ್ಲ. ಆಂಡ್ರಾಯ್ಡ್‌ನಲ್ಲಿ ಆ ಅನುಕೂಲ 2012ರಲ್ಲಿ ಟ್ಯಾಬ್ಲೆಟ್ಟುಗಳಿಗೆ, 2014ರಲ್ಲಿ ಫೋನುಗಳಿಗೆ ಬಂತು. ಆದರೆ ಎಷ್ಟೋ ತಯಾರಕರು ತಮ್ಮ ಫೋನುಗಳಲ್ಲಿ ಅದನ್ನು ಕೊಡದೆಯೇ ಬಿಟ್ಟರು; ಕೊಟ್ಟವರೂ ಅದನ್ನು ಹುಡುಕಿದರೆ ಸಿಗುವ ಕಡೆ ಇಡಲಿಲ್ಲ. ಇದನ್ನು ತಮ್ಮ ಹೇಳಿದಾಗ ನನಗೆ ಸಿಂಪ್ಯೂಟರಿನ ಕಾರ್ಡಿನ ಸೀಳು ನೆನಪಾಯಿತು. 2001ರಲ್ಲಿ ಬೆಂಗಳೂರಿನಲ್ಲಿ ಕೂತವರಿಗೆ ಹೊಳೆದಿತ್ತು, ಯಂತ್ರ ಹಂಚಿಕೊಳ್ಳುವವರ ಮನೆಗೆ ಹೋಗುತ್ತದೆ ಎಂದು.

ಇನ್ನೊಂದು ಮಾತು, ಆ ಹುಡುಗಿಯ ಅಮ್ಮನದು. ಆಕೆ ಕೊಬ್ಬರಿ ಮಂಡಿಯಲ್ಲಿ ಚಿಪ್ಪು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಬೆರಳ ತುದಿಗಳು ಚಿಪ್ಪಿನಂತೆಯೇ ಆಗಿವೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟಿನ ಯಂತ್ರ ಆಕೆಯ ಗುರುತು ಹಿಡಿಯಲು ನಾಲ್ಕು ಸಲ ಒರೆಸಿ ಒರೆಸಿ ಇಡಬೇಕು. ಈಚೆಗೆ ಆಕೆಗೂ ಒಂದು ಹಳೆಯ ಫೋನು ಬಂದಿದೆ. ಒಂದು ದಿನ ಶಾಲೆಯ ಗೇಟಿನ ಹತ್ತಿರ ಕಾದು ನಿಂತು, "ಮೇಡಮ್ಮೋರೆ, ನನ್ನ ದುಡ್ಡು ಬಂದೈತಾ ವಸಿ ನೋಡಿ" ಎಂದಳು. ಅಂಗಡಿಯ ಹುಡುಗನ ಕೈಲಿ ಓದಿಸಬಹುದಿತ್ತಲ್ಲ ಎಂದೆ. "ಅವನು ಓದ್ತಾನೆ, ಆಮೇಲೆ ನಂತಾವ ಎಷ್ಟೈತೆ ಅಂತ ಬೀದಿಗೆಲ್ಲ ಗೊತ್ತಾಯ್ತದೆ. ಆಮೇಲೆ ಇವರ ಅಪ್ಪುಂಗೂ ಗೊತ್ತಾಯ್ತದೆ" ಎಂದು ತಲೆ ತಗ್ಗಿಸಿದಳು.

ಫೋನುಗಳಲ್ಲಿ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯವಿದೆ, ಕನ್ನಡದಲ್ಲೂ ಇದೆ. ನಾನು ಉತ್ಸಾಹದಿಂದ ಹುಡುಕಲು ಕೂತೆ. ಸೆಟ್ಟಿಂಗಿನ ಒಳಗೆ ಒಂದು ಬಾಗಿಲು, ಅದರೊಳಗೆ ಇನ್ನೊಂದು, ಪ್ರತಿ ಬಾಗಿಲ ಮೇಲೂ ಇಂಗ್ಲಿಷ್ ಫಲಕ. ಓದು ಬಾರದವರಿಗೆಂದು ಇಟ್ಟ ಸೌಲಭ್ಯವನ್ನು ತಲುಪಲು ಇಷ್ಟು ಓದಬೇಕು! ಅಂತೂ ಸಿಕ್ಕಿತು. ಆಕೆಯ ಬೆರಳಿನಿಂದಲೇ ಒತ್ತಿಸಿದೆ. ಮೂರನೆಯ ಸಲಕ್ಕೆ ತೆರೆ ಒಪ್ಪಿತು. ಫೋನು ಓದಿತು, ಇಂಗ್ಲಿಷಿನಲ್ಲಿ. ಬ್ಯಾಂಕಿನಿಂದ ಬಂದ ಸಂದೇಶವೇ ಇಂಗ್ಲಿಷಿನಲ್ಲಿತ್ತು. ಯಂತ್ರಕ್ಕೆ ಕನ್ನಡ ಬಂದು ಏನು ಪ್ರಯೋಜನ, ಅದಕ್ಕೆ ಓದಲು ಕೊಡುವವರಿಗೆ ಕನ್ನಡ ಬೇಡವಾಗಿದ್ದರೆ? ಕೊನೆಗೆ ನಾನೇ ಕಿವಿಯಲ್ಲಿ ಮೊತ್ತ ಹೇಳಿದೆ. ಈಗ ಆಕೆಗೆ ಮೊತ್ತದ ಅಂಕಿ ಎಲ್ಲಿ ಬರುತ್ತದೆ, ಅದನ್ನು ಗುರುತಿಸುವುದು ಹೇಗೆ ಎಂದು ಹೇಳಿಕೊಡುತ್ತಿದ್ದೇನೆ. ಯಂತ್ರ ಕಲಿಯದ್ದನ್ನು ಆಕೆ ಕಲಿಯುತ್ತಿದ್ದಾಳೆ. ಮೊನ್ನೆ ನೂರರ ಮತ್ತು ಸಾವಿರದ ಅಂತರವನ್ನು ಸೊನ್ನೆ ಎಣಿಸಿ ಹೇಳಿದಳು.

ಹಾಗಾದರೆ ಇವು ನಿಷ್ಪ್ರಯೋಜಕವೇ? ಹಾಗೆಂದರೆ ನನ್ನ ನಾಲಿಗೆ ಬಿದ್ದೀತು. ನಾನೂ ಬೆಳಗೆದ್ದು ಫೋನಿನಲ್ಲೇ ಬಸ್ಸಿನ ವೇಳೆ ನೋಡುವವಳು, ದೂರದ ಊರಿನಲ್ಲಿರುವ ಅಕ್ಕನ ಮುಖ ನೋಡಿ ಮಾತಾಡುವವಳು. ಈ ಪ್ರಬಂಧದ ಅರ್ಧವನ್ನು ಫೋನಿನಲ್ಲೇ ಕನ್ನಡ ಕೀಲಿಮಣೆಯಿಂದ ಕುಟ್ಟಿದ್ದೇನೆ. ಉಪಯೋಗದಲ್ಲಿ ಇಂದಿನ ಯಂತ್ರಕ್ಕೆ ನೂರಕ್ಕೆ ತೊಂಬತ್ತು ಕೊಡಲೂ ನಾನು ಹಿಂಜರಿಯುವುದಿಲ್ಲ. ಸಿಂಪ್ಯೂಟರಿಗೆ ಮೂವತ್ತೈದು ದಾಟಿಸುವುದೇ ಕಷ್ಟ. ಆದರೆ ವಿನ್ಯಾಸವೆಂದರೆ ಹೊಳೆಯುವ ಗಾಜು, ತೆಳ್ಳಗಿನ ಮೈ ಅಷ್ಟೇ ಅಲ್ಲ. ಯಾರನ್ನು ನೆನೆದು ಮಾಡಿದರು ಎಂಬುದೂ ವಿನ್ಯಾಸವೇ. ಆ ಪ್ರಶ್ನೆಪತ್ರಿಕೆಯಲ್ಲಿ ಸಿಂಪ್ಯೂಟರಿಗೆ ತೊಂಬತ್ತು, ಇಂದಿನ ಫೋನಿಗೆ ಮೂವತ್ತೈದು. ಒಂದು ಸರಿಯಾದ ಪ್ರಶ್ನೆ ಕೇಳಿ ಉತ್ತರದಲ್ಲಿ ಎಡವಿತು. ಇನ್ನೊಂದು ಉತ್ತರಗಳ ರಾಶಿಯನ್ನೇ ತಂದಿದೆ, ನಮ್ಮ ಪ್ರಶ್ನೆಯನ್ನು ಮಾತ್ರ ಕೇಳಿಸಿಕೊಂಡಿಲ್ಲ.

ಮುಂದಿನ ಸಲ ಮನೆಗೊಂದು ಫೋನೋ ಟ್ಯಾಬ್ಲೆಟ್ಟೋ ಕೊಳ್ಳುವಾಗ, ಕ್ಯಾಮೆರಾ ಎಷ್ಟು, ವೇಗವೆಷ್ಟು ಎಂದು ಕೇಳುವ ಜೊತೆಗೆ ಇದನ್ನೂ ಕೇಳಿ ನೋಡಿ. ನನ್ನ ಕೈಯಲ್ಲಿ ನಿಲ್ಲುತ್ತದೆಯೇ? ಒದ್ದೆ ಬೆರಳಿಗೆ ಏನೆನ್ನುತ್ತದೆ? ಕನ್ನಡದಲ್ಲಿ ಓದಿ ಹೇಳುವುದು ಎಲ್ಲಿದೆ, ಈಗಲೇ ತೋರಿಸಿ. ಮನೆಯ ಮೂವರಿಗೆ ಮೂರು ಕೋಣೆ ಮಾಡಿಕೊಳ್ಳಬಹುದೇ? ಅಂಗಡಿಯವರು ಮೊದಲು ನಕ್ಕಾರು. ನಾಲ್ಕು ಜನ ಹೆಂಗಸರು ಇದನ್ನೇ ಕೇಳಿದರೆ ಐದನೆಯವಳಿಗೆ ಉತ್ತರ ಸಿದ್ಧವಿರುತ್ತದೆ.

ಆ ಹುಡುಗಿ ಈಗ ಪದವಿಯ ಮೊದಲ ವರ್ಷದಲ್ಲಿದ್ದಾಳೆ. ದೀಪಾವಳಿಗೆ ಮನೆಗೆ ಬಂದಿದ್ದಾಗ ಸಿಂಪ್ಯೂಟರನ್ನು ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ಈ ಸೀಳು ಯಾಕೆ ಮಿಸ್?" ಎಂದಳು. ಕಾರ್ಡಿನ ಕಥೆ ಹೇಳಿದೆ. ಒಂದು ಯಂತ್ರ, ಹತ್ತು ಕಾರ್ಡು, ಯಾರದು ಅವರಿಗೆ.

ಅವಳು ಸೀಳಿನ ಮೇಲೆ ಉಗುರು ಆಡಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಾಗಾದ್ರೆ ಆವಾಗ ನನ್ನ ಹತ್ರಾನೂ ಒಂದು ಕಾರ್ಡು ಇರ್ತಿತ್ತು ಅಲ್ವಾ ಮಿಸ್?" ಎಂದಳು.

ಸಿಂಪ್ಯೂಟರನ್ನು ಮತ್ತೆ ಬೀರುವಿನಲ್ಲಿಡಲು ಮನಸ್ಸು ಬರಲಿಲ್ಲ. ನಮ್ಮ ಶಾಲೆಯ ವಿಜ್ಞಾನದ ಕೋಣೆಯ ಗಾಜಿನ ಕಪಾಟಿನಲ್ಲಿ, ಮೈಕ್ರೋಸ್ಕೋಪಿನ ಪಕ್ಕದಲ್ಲಿ ಇಟ್ಟಿದ್ದೇನೆ, ಸೀಳು ಮಕ್ಕಳಿಗೆ ಕಾಣುವ ಹಾಗೆ. ಯಾತಕ್ಕೆ ಎಂದು ಕೇಳಿದವರಿಗೆ ಹೇಳುತ್ತೇನೆ.